ಎಸ್‌ಕ್ಯೂಲೈಟ್: ಅಡತಿ ಅಂಗಡಿಯ ಲೆಕ್ಕದಲ್ಲಿ ಬಹುಕಾಲ ಬಳಸಿದವನ ವಿಮರ್ಶೆ

ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ ಮತ್ತು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಅಡತಿ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವುದು ನನ್ನ ಕಸುಬು. ಡಾಸ್ ಕಾಲದ ಡಿಬೇಸ್, ಕ್ಲಿಪ್ಪರ್‌ಗಳಿಂದ ಶುರುಮಾಡಿ ಹಲವು ಡೇಟಾಬೇಸುಗಳನ್ನು ನಂಬಿ, ಕೆಲವನ್ನು ಬಿಟ್ಟು, ಕೊನೆಗೆ ಎಸ್‌ಕ್ಯೂಲೈಟ್‌ನಲ್ಲಿ ನೆಲೆ ನಿಂತು ಈಗ ಒಂದೂವರೆ ದಶಕಕ್ಕೂ ಮೇಲಾಗಿದೆ. ಇಷ್ಟು ಕಾಲದ ಬಳಕೆಯಿಂದ ಎರಡು ಮಾತುಗಳನ್ನು ನಿಶ್ಚಯವಾಗಿ ಹೇಳಬಲ್ಲೆ: ಕರೆಂಟು ಯಾವಾಗ ಬೇಕಾದರೂ ಹೋಗಬಹುದಾದ ಊರಿನಲ್ಲಿ ಲೆಕ್ಕ ಕಾಯುವುದಕ್ಕೆ ಇದಕ್ಕಿಂತ ನಂಬಿಗಸ್ತವಾದದ್ದನ್ನು ನಾನು ಕಂಡಿಲ್ಲ, ಆದರೆ ಕನ್ನಡದ ಮಟ್ಟಿಗೆ ಇದು ನಿರಕ್ಷರಿ, ಅದಕ್ಕೆ ಅಕ್ಷರ ಕಲಿಸುವ ಕೆಲಸ ಬಳಸುವವನ ಪಾಲಿಗೇ ಬರುತ್ತದೆ.

ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಡಿ. ರಿಚರ್ಡ್ ಹಿಪ್ ಎಂಬ ಪ್ರೋಗ್ರಾಮರ್ ಅಮೆರಿಕದ ನೌಕಾಪಡೆಯ ಯುದ್ಧನೌಕೆಯೊಂದರ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದಾಗ, ಸರ್ವರ್ ನಿಂತುಹೋದರೂ ಕೆಲಸ ನಿಲ್ಲದ ಡೇಟಾಬೇಸ್ ಬೇಕೆಂದು 2000ದಲ್ಲಿ ಇದನ್ನು ರೂಪಿಸಿದರು. ಇದಕ್ಕೆ ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಅನುಸ್ಥಾಪನೆಯ ರಗಳೆಯೂ ಇಲ್ಲ. ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿರುತ್ತದೆ ಮತ್ತು ಅದನ್ನು ಓದಿ ಬರೆಯುವ ಸಂಕೇತವು ನಮ್ಮ ಪ್ರೋಗ್ರಾಮಿನೊಳಗೇ ಸೇರಿರುತ್ತದೆ. ಮೂಲ ಸಂಕೇತ ಸಾರ್ವಜನಿಕ ಸ್ವತ್ತಾದ್ದರಿಂದ ಪರವಾನಗಿಯ ಪ್ರಶ್ನೆಯೇ ಏಳುವುದಿಲ್ಲ. ಹೆಸರು ಕೇಳದವರ ಜೇಬಿನಲ್ಲಿಯೂ ಇದು ಇದೆ: ಆಂಡ್ರಾಯ್ಡ್ ಮತ್ತು ಐಫೋನ್‌ಗಳೆರಡೂ ಇದನ್ನು ಒಳಗೊಂಡಿವೆ, ವಾಟ್ಸಾಪ್‌ನ ಸಂದೇಶಗಳು ಫೋನಿನಲ್ಲಿ ಕೂರುವುದೂ ಇದರಲ್ಲಿಯೇ.

ಹರಾಜಿನ ದಿನ ಅಡತಿ ಅಂಗಡಿಯೊಂದರಲ್ಲಿ ನಡೆಯುವುದನ್ನು ಕಂಡವರಿಗೆ ಕರೆಂಟಿನ ಮಾತು ಏಕೆ ಮೊದಲು ಬಂತೆಂದು ವಿವರಿಸಬೇಕಾಗಿಲ್ಲ. ಟೆಂಡರ್ ಮುಗಿದ ಕೂಡಲೇ ಲಾಟುಗಳ ತೂಕ ಸಾಲುಸಾಲಾಗಿ ಬರುತ್ತದೆ, ಚೀಲದ ಲೆಕ್ಕ, ದರ, ಹಮಾಲಿ ಎಲ್ಲವೂ ಸೇರಿ ರೈತನ ಪಟ್ಟಿ ಸಿದ್ಧವಾಗಬೇಕು, ಊರಿಗೆ ಹೋಗುವ ಗಾಡಿ ಹೊರಡುವ ಮೊದಲು ಅವನ ಕೈಗೆ ಅದು ಸೇರಬೇಕು. ಈ ನಡುವೆ ದೀಪ ಆರಿದರೆ, ಯುಪಿಎಸ್ ಬ್ಯಾಟರಿಯೂ ಮುದಿಯಾಗಿದ್ದರೆ, ಅರ್ಧ ಬರೆದ ಪಟ್ಟಿಯ ಗತಿಯೇನು? ಡಿಬೇಸ್, ಕ್ಲಿಪ್ಪರ್‌ಗಳ ಹಳೆಯ ಡಿಬಿಎಫ್ ಫೈಲುಗಳಲ್ಲಿ ಒಟ್ಟು ಸಾಲುಗಳ ಸಂಖ್ಯೆ ಫೈಲಿನ ತಲೆಭಾಗದಲ್ಲಿ, ಸಾಲುಗಳು ಅದರ ಕೆಳಗೆ, ಬೇಗ ಹುಡುಕಲು ನೆರವಾಗುವ ಸೂಚಿ, ಅಂದರೆ ಇಂಡೆಕ್ಸ್, ಸಾಮಾನ್ಯವಾಗಿ ಬೇರೆಯೇ ಫೈಲಿನಲ್ಲಿ ಇರುತ್ತಿದ್ದವು. ಬರೆಯುವ ನಡುವೆ ಯಂತ್ರ ನಿಂತರೆ ಮೂರೂ ಮೂರು ಮಾತು ಹೇಳುತ್ತಿದ್ದವು, ಮತ್ತು ಮರುದಿನ ಇಂಡೆಕ್ಸನ್ನು ಹೊಸದಾಗಿ ಕಟ್ಟುವವರೆಗೆ ಅಂಗಡಿಯ ವ್ಯವಹಾರ ಕಾಯಬೇಕಾಗುತ್ತಿತ್ತು.

ಎಸ್‌ಕ್ಯೂಲೈಟ್ ಇದನ್ನು ಬಗೆಹರಿಸಿರುವ ರೀತಿ ಕಿರ್ದಿ ಬರೆಯುವ ಹಳೆಯ ಗುಮಾಸ್ತರಿಗೂ ಒಪ್ಪಿಗೆಯಾಗುವಂಥದ್ದು. ಯಾವುದೇ ಪುಟವನ್ನು ತಿದ್ದುವ ಮೊದಲು ಆ ಪುಟದ ಹಳೆಯ ರೂಪವನ್ನು ಜರ್ನಲ್ ಎಂಬ ಪಕ್ಕದ ಫೈಲಿಗೆ ನಕಲು ಮಾಡಿ, ಅದು ಡಿಸ್ಕಿಗೆ ಸೇರಿತೆಂದು ಖಾತ್ರಿಪಡಿಸಿಕೊಂಡು, ಆಮೇಲಷ್ಟೇ ಮೂಲ ಫೈಲನ್ನು ಮುಟ್ಟುತ್ತದೆ. ಎಲ್ಲವೂ ಮುಗಿದ ಮೇಲೆ ಜರ್ನಲನ್ನು ಅಳಿಸುತ್ತದೆ, ಆ ಅಳಿಸುವ ಕ್ಷಣವೇ ವಹಿವಾಟು ಪಕ್ಕಾ ಆದ ಕ್ಷಣ. ನಡುವೆ ಯಂತ್ರ ನಿಂತಿದ್ದರೆ, ಮುಂದಿನ ಬಾರಿ ಫೈಲು ತೆರೆದಾಗ ಉಳಿದುಕೊಂಡಿರುವ ಜರ್ನಲ್ ಕಣ್ಣಿಗೆ ಬಿದ್ದು, ಹಳೆಯ ಪುಟಗಳೆಲ್ಲ ತಾವಾಗಿಯೇ ಸ್ವಸ್ಥಾನಕ್ಕೆ ಮರಳುತ್ತವೆ. ಪಟ್ಟಿ ಪೂರ್ತಿ ಇರುತ್ತದೆ ಅಥವಾ ಇರುವುದೇ ಇಲ್ಲ. ಅರ್ಧ ಪಟ್ಟಿ ಎಂಬುದಿಲ್ಲ. ಅಭಿವೃದ್ಧಿಪಡಿಸುವವರು ಬರವಣಿಗೆಯ ನಡುವೆ ಕರೆಂಟು ಹೋದಂತೆ ಕೃತಕ ಸನ್ನಿವೇಶ ಹುಟ್ಟಿಸಿ ಪರೀಕ್ಷಿಸುತ್ತಾರೆ ಎಂಬುದನ್ನು ಓದಿದಾಗ, ಇವರೂ ನಮ್ಮ ಕಡೆಯವರೇ ಇರಬೇಕೆಂದು ನಾನು ತಮಾಷೆ ಮಾಡಿದ್ದುಂಟು. ಡಿಸ್ಕೇ ಸುಳ್ಳು ಹೇಳಿದರೆ, ಅಂದರೆ ಬರೆಯದೆಯೇ ಬರೆದೆನೆಂದು ಒಪ್ಪಿಸಿದರೆ, ಯಾವ ಜರ್ನಲ್ಲೂ ಕಾಪಾಡಲಾರದು. ಆದ್ದರಿಂದ ಅಗ್ಗದ ಪೆನ್‌ಡ್ರೈವಿನ ಮೇಲೆ ನೇರವಾಗಿ ಡೇಟಾಬೇಸ್ ನಡೆಸಬಾರದು.

2010ರಲ್ಲಿ 3.7.0 ಆವೃತ್ತಿಯೊಡನೆ ವಾಲ್ ಎಂಬ ಇನ್ನೊಂದು ವಿಧಾನ ಬಂತು. ಇದರಲ್ಲಿ ಹೊಸ ಬದಲಾವಣೆಗಳು ಮೊದಲು ಪಕ್ಕದ ಫೈಲಿನ ಕೊನೆಗೆ ಸೇರುತ್ತ ಹೋಗಿ, ಆಗಾಗ ಮೂಲ ಫೈಲಿಗೆ ಇಳಿಯುತ್ತವೆ. ಒಬ್ಬರು ಬರೆಯುತ್ತಿರುವಾಗಲೇ ಉಳಿದವರು ಅಡಚಣೆಯಿಲ್ಲದೆ ಓದಬಹುದು. ನನ್ನ ಎಲ್ಲ ಅಂಗಡಿಗಳಲ್ಲೂ ಈಗ ಇದೇ ಇದೆ. ಆದರೆ ಅಂಗಡಿಯವರಿಗೆ ನಾನು ಪದೇಪದೇ ಹೇಳಬೇಕಾಗಿರುವ ಎಚ್ಚರಿಕೆಯೊಂದಿದೆ: ಪ್ರೋಗ್ರಾಮು ಓಡುತ್ತಿರುವಾಗ ಮೂಲ ಫೈಲನ್ನಷ್ಟೇ ನಕಲು ಮಾಡಿ ಬ್ಯಾಕಪ್ ಆಯಿತೆಂದು ತಿಳಿದರೆ, ವಾಲ್ ಫೈಲಿನಲ್ಲಿರುವ ಇತ್ತೀಚಿನ ಪಟ್ಟಿಗಳು ಆ ನಕಲಿನಲ್ಲಿ ಇರುವುದೇ ಇಲ್ಲ. ಇದಕ್ಕಾಗಿಯೇ ಬ್ಯಾಕಪ್ ಆದೇಶವಿದೆ, 2019ರ 3.27.0ರಿಂದ ಇಡೀ ಡೇಟಾಬೇಸನ್ನು ಹೊಸ ಫೈಲಿಗೆ ಬರೆದುಕೊಡುವ ‘ವ್ಯಾಕ್ಯೂಮ್ ಇಂಟೂ’ ಕೂಡ ಇದೆ. ರಾತ್ರಿ ಅಂಗಡಿ ಮುಚ್ಚುವಾಗ ಒಂದು ಗುಂಡಿ ಒತ್ತಿದರೆ ಇದು ನಡೆಯುವಂತೆ ಮಾಡಿಟ್ಟಿದ್ದೇನೆ.

ಇನ್ನು ದೋಷಗಳು. ಎಸ್‌ಕ್ಯೂಲೈಟ್‌ನ ಅತಿ ಸಡಿಲವಾದ ಗುಣವೆಂದರೆ, ಕಾಲಮ್ಮಿಗೆ ಸಂಖ್ಯೆ ಎಂದು ಹೇಳಿಟ್ಟಿದ್ದರೂ ಅದರಲ್ಲಿ ಪಠ್ಯವನ್ನು ತುಂಬಲು ಬಿಡುವುದು. ಇಂಗ್ಲಿಷ್ ಅಂಕಿಗಳಲ್ಲಿ 42 ಎಂದು ಬಂದರೆ ಅದು ಸಂಖ್ಯೆಯಾಗುತ್ತದೆ. ಕನ್ನಡ ಕೀಲಿಮಣೆಯಿಂದ ೪೨ ಎಂದು ಬಂದರೆ ಅದು ಪಠ್ಯವಾಗಿಯೇ ಉಳಿಯುತ್ತದೆ. ಯಾವ ದೂರನ್ನೂ ಹೇಳದೆ ಸ್ವೀಕರಿಸಿದ ಆ ತೂಕವನ್ನು ಮೊತ್ತ ಹಾಕುವಾಗ ಸೊನ್ನೆ ಎಂದು ಎಣಿಸುತ್ತದೆ, ಗರಿಷ್ಠ ಯಾವುದೆಂದು ಕೇಳಿದರೆ ಅದೇ ಪಠ್ಯವನ್ನು ಎಲ್ಲ ಸಂಖ್ಯೆಗಳಿಗಿಂತ ದೊಡ್ಡದೆಂದು ಮುಂದಿಡುತ್ತದೆ. ಇದನ್ನು ಸೌಲಭ್ಯವೆಂದು ಅವರ ದಾಖಲೆ ಸಮರ್ಥಿಸುತ್ತದೆ. ಅಡತಿ ಲೆಕ್ಕ ಬರೆಯುವವನಾಗಿ ನಾನು ಒಪ್ಪುವುದಿಲ್ಲ. 2021ರ ನವೆಂಬರಿನ 3.37.0 ಆವೃತ್ತಿಯಲ್ಲಿ ಕಾಲಮ್ಮಿಗೆ ಹೇಳಿಟ್ಟ ಮಾದರಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಸ್ಟ್ರಿಕ್ಟ್ ಟೇಬಲ್ ಬಂದ ಮೇಲೆ ಇಂಥ ತೂಕ ಒಳಗೆ ಬರುವ ಮೊದಲೇ ತಡೆಯಲ್ಪಡುತ್ತದೆ, ಆದರೆ ಅಂಥ ಟೇಬಲ್ ಇರುವ ಫೈಲನ್ನು ಹಳೆಯ ಆವೃತ್ತಿಗಳು ತೆರೆಯಲಾರವು. ಇದರ ಜೊತೆಗೆ ದಶಮಾಂಶ ಹಣಕ್ಕೆಂದು ಪ್ರತ್ಯೇಕ ಮಾದರಿಯೂ ಇಲ್ಲ. ನಾನು ಎಲ್ಲ ಮೊತ್ತವನ್ನೂ ಪೈಸೆಗಳ ಪೂರ್ಣಾಂಕವಾಗಿ ಇಡುತ್ತೇನೆ. ವಿದೇಶಿ ಕೀಲಿಯ (ಒಂದು ಟೇಬಲ್ಲಿನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಕೊಂಡಿಯ) ತಪಾಸಣೆಯಂತೂ ಪ್ರತಿ ಸಂಪರ್ಕದಲ್ಲೂ ನಾವೇ ಚಾಲೂ ಮಾಡಬೇಕು. ಹಾಗೆ ಮಾಡದಿದ್ದರೆ ರೈತನ ಖಾತೆ ಅಳಿಸಿದ ಮೇಲೂ ಅವನ ಪಟ್ಟಿಗಳು ಅನಾಥವಾಗಿ ಉಳಿದುಕೊಳ್ಳುತ್ತವೆ.

ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದಾಗ ಇದರ ನಿರಕ್ಷರತೆ ಪೂರ್ತಿ ಬಯಲಾಗುತ್ತದೆ. ಎಸ್‌ಕ್ಯೂಲೈಟ್ ಜೋಡಿಸುವುದು ಬೈಟುಗಳನ್ನು ನೋಡಿ, ಅಂದರೆ ಯೂನಿಕೋಡ್ ಕ್ರಮದಲ್ಲಿ. ಬಹುಪಾಲು ಅಕ್ಷರಗಳಿಗೆ ಅದು ವರ್ಣಮಾಲೆಯ ಕ್ರಮವೇ ಆಗಿದ್ದರೂ, ಯೂನಿಕೋಡಿನಲ್ಲಿ ಳಕಾರವು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು ಕೂತಿದೆ. ಆದ್ದರಿಂದ ಬಳಿಗಾರರು ಬಸವರಾಜರಿಗಿಂತ ಮುಂದೆ, ಹಳೇಮನಿಯವರು ಹವಾಲ್ದಾರರಿಗಿಂತ ಮುಂದೆ ಬರುತ್ತಾರೆ. ಮಗ್ಗಿಯಂತೆ ವರ್ಣಮಾಲೆ ಬಾಯಿಗೆ ಬರುವ ಮುನೀಮರು ಪಟ್ಟಿಯ ಕೊನೆಗೆ ಹೋಗಿ ಹುಡುಕಿ, ಖಾತೆಯೇ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ನಮ್ಮದೇ ಜೋಡಣಾ ಕ್ರಮವನ್ನು ನೋಂದಾಯಿಸಲು ಅವಕಾಶವಿದೆ, ಆದರೆ ಅದನ್ನು ಬಳಸಿ ಕಟ್ಟಿದ ಇಂಡೆಕ್ಸನ್ನು ಬೇರೆ ಉಪಕರಣದಲ್ಲಿ ಬಳಸಹೋದರೆ ಅಂಥ ಕ್ರಮವೇ ತಿಳಿಯದೆಂದು ಅದು ನಿಂತುಬಿಡುತ್ತದೆ. ನಾನು ಹಿಡಿದ ದಾರಿ ಸರಳ: ಹೆಸರಿನ ಪಕ್ಕದಲ್ಲಿ ಜೋಡಣೆಗಾಗಿಯೇ ಇನ್ನೊಂದು ಕಾಲಮ್ ಇಟ್ಟು, ಅದರಲ್ಲಿ ಳಕಾರದ ಬದಲು ಹಕಾರದ ನಂತರದ ಖಾಲಿ ಸಂಕೇತವೊಂದನ್ನು ತುಂಬುತ್ತೇನೆ.

ಹುಡುಕಾಟದ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಕೆಲವು ಕೀಲಿಮಣೆಗಳು ‘ಕುಮಾರ್’ ಎಂಬುದರ ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಸಂಕೇತವೊಂದನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ‘ಕೋ’ ಎಂಬುದನ್ನು ಎರಡು ಸಂಕೇತಗಳಲ್ಲೂ ಬರೆಯಬಹುದು, ನಾಲ್ಕರಲ್ಲೂ ಬರೆಯಬಹುದು. ಪರದೆಯ ಮೇಲೆ ಒಂದೇ ಆಗಿ ಕಾಣುವ ಇವು ಎಸ್‌ಕ್ಯೂಲೈಟ್‌ಗೆ ಬೇರೆಬೇರೆ ಹೆಸರುಗಳು, ಹೀಗೆ ಒಬ್ಬನೇ ರೈತನಿಗೆ ಎರಡು ಖಾತೆ ಹುಟ್ಟಿಕೊಳ್ಳುತ್ತವೆ. ಉಳಿಸುವ ಮೊದಲೇ ಪಠ್ಯವನ್ನು ಒಂದೇ ರೂಪಕ್ಕೆ ತಂದು, ಕಾಣದ ಸಂಕೇತಗಳನ್ನು ತೆಗೆದ ನಕಲನ್ನು ಹುಡುಕಾಟಕ್ಕೆ ಬಳಸುವುದೊಂದೇ ಪರಿಹಾರ. ಎಫ್‌ಟಿಎಸ್5 ಎಂಬ ಪದ-ಹುಡುಕಾಟದ ಸೌಲಭ್ಯವೂ ತನ್ನ ಸಹಜ ಸ್ಥಿತಿಯಲ್ಲಿ ಕಾಗುಣಿತದ ಚಿಹ್ನೆಗಳನ್ನು ಪದದ ಭಾಗವೆಂದು ಎಣಿಸದೆ, ‘ಮೆಣಸಿನಕಾಯಿ’ಯನ್ನು ಚೂರುಚೂರು ಮಾಡುತ್ತದೆ, ಆ ಚಿಹ್ನೆಗಳ ವರ್ಗಗಳನ್ನೂ ಸೇರಿಸಬೇಕೆಂದು ಟೇಬಲ್ ರಚಿಸುವಾಗಲೇ ಹೇಳಬೇಕು. ಉದ್ದದ ಲೆಕ್ಕವೂ ಹೀಗೆಯೇ: ‘ಕನ್ನಡ’ ಎಂಬುದು ಕಣ್ಣಿಗೆ ಮೂರಕ್ಷರ, ಎಸ್‌ಕ್ಯೂಲೈಟ್‌ಗೆ ಐದು, ಪಟ್ಟಿಯ ಚೀಟಿಯಲ್ಲಿ ಹಿಡಿಯಲೆಂದು ‘ಬಸಪ್ಪ’ನನ್ನು ನಾಲ್ಕಕ್ಕೆ ಕತ್ತರಿಸಿದರೆ ಸಿಗುವುದು ‘ಬಸಪ್’.

ವೇಗದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹಂಗಾಮಿನ ದಟ್ಟಣೆಯಲ್ಲೂ ಹಳೆಯ ಕಂಪ್ಯೂಟರುಗಳಲ್ಲಿ ಸಾಕಾಗಿಯೂ ಮಿಗುತ್ತದೆ. ಬಾಳಿಕೆಯ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಲೇಬೇಕು: 2004ರಲ್ಲಿ ಬಂದ ಮೂರನೆಯ ಆವೃತ್ತಿಯ ಫೈಲುಗಳನ್ನು ಇಂದಿನ ಆವೃತ್ತಿ ಹಾಗೆಯೇ ತೆರೆಯುತ್ತದೆ, 2050ರವರೆಗೆ ಬೆಂಬಲ ಕೊಡುವ ಉದ್ದೇಶವನ್ನು ಅದರ ಕರ್ತೃಗಳು ಪ್ರಕಟಿಸಿದ್ದಾರೆ. ಹಳೆಯ ಖಾತೆಯ ವ್ಯಾಜ್ಯವೊಂದು ಹಲವು ವರ್ಷಗಳ ಮೇಲೆ ತಲೆಯೆತ್ತುವುದು ಪೇಟೆಯಲ್ಲಿ ಅಪರೂಪವಲ್ಲವಾದ್ದರಿಂದ, ಇದು ಸಣ್ಣ ಗುಣವಲ್ಲ.

ಒಂದು ಯಂತ್ರ, ಒಂದು ಅಂಗಡಿ ಇರುವವರೆಗೆ ಇದನ್ನು ಕಣ್ಣು ಮುಚ್ಚಿ ಶಿಫಾರಸು ಮಾಡುತ್ತೇನೆ. ಆದರೆ ಒಂದು ಕ್ಷಣದಲ್ಲಿ ಬರೆಯಲು ಒಬ್ಬರಿಗೆ ಮಾತ್ರ ಅವಕಾಶವಿರುವುದರಿಂದಲೂ, ನೆಟ್‌ವರ್ಕ್ ಹಂಚಿಕೆಯ ಫೋಲ್ಡರಿನಲ್ಲಿ ಬೀಗಗಳು ಸರಿಯಾಗಿ ಕೆಲಸ ಮಾಡದೆ ಫೈಲು ಕೆಡಬಹುದೆಂದು ಅವರ ದಾಖಲೆಯೇ ಎಚ್ಚರಿಸುವುದರಿಂದಲೂ, ನಾಲ್ಕಾರು ಕಂಪ್ಯೂಟರುಗಳು ಒಂದೇ ಫೈಲನ್ನು ಹಂಚಿಕೊಳ್ಳುವ ಏರ್ಪಾಡಿಗೆ ಇದು ತಕ್ಕುದಲ್ಲ. ಅಮರಗೋಳದಲ್ಲಿ ಮುಖ್ಯ ಗದ್ದುಗೆ, ಬ್ಯಾಡಗಿಯಲ್ಲಿ ಶಾಖೆ ಇರುವ ವರ್ತಕರಿಗೆ ನಾನು ಮುಖ್ಯ ಕಚೇರಿಯಲ್ಲಿ ಪೋಸ್ಟ್‌ಗ್ರೆಸ್ ಎಂಬ ಸರ್ವರ್ ಇರುವ ಡೇಟಾಬೇಸ್ ಹಾಕಿಕೊಡುತ್ತೇನೆ. ಶಾಖೆಯ ತೂಕದ ಮೇಜಿನ ಮೇಲೆ ಎಸ್‌ಕ್ಯೂಲೈಟ್ ಇರುತ್ತದೆ, ಅಂತರ್ಜಾಲ ಇದ್ದಾಗ ದಿನದ ಪಟ್ಟಿಗಳು ಮೇಲಕ್ಕೆ ಹೋಗುತ್ತವೆ, ಇಲ್ಲದಾಗ ಕಾಯುತ್ತವೆ. ಪಟ್ಟಿ ಸಂಖ್ಯೆಯ ಮೊದಲಿಗೆ ಶಾಖೆಯ ಅಕ್ಷರವೊಂದನ್ನು ಸೇರಿಸಿಟ್ಟರೆ ಎರಡು ಕಡೆಯ ಸಂಖ್ಯೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ.