ತೋಟದ ದಾರಿಗೆ ಮೂರು ಮಾಡ್ ಟಾರ್ಚ್‌ಗಳು: ನನ್ನ ಓಟು ಸಣ್ಣದಕ್ಕೇ

ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಈಗ ಮೂರು ಮಾಡ್ ಮಾಡಿದ, ಅಂದರೆ ಒಳಗಿನ ಭಾಗ ಬದಲಿಸಿ ಬೇಕಾದಂತೆ ಮಾಡಿಕೊಂಡ ಟಾರ್ಚ್‌ಗಳಿವೆ. ಅದರಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದೇ ನನಗೆ ಇಷ್ಟ. ಕಾನ್ವಾಯ್ ಎಸ್2 ಪ್ಲಸ್ ಅನ್ನುವ ಸಣ್ಣ ಟಾರ್ಚ್ ಅದು. ಒಳಗಿದ್ದ ಎಲ್‌ಇಡಿ ತೆಗೆದು ನಿಚಿಯಾ ಕಂಪನಿಯ 519ಎ ಅನ್ನುವ ಎಲ್‌ಇಡಿ ಹಾಕಿದೆ. ಉಳಿದ ಎರಡರಲ್ಲಿ ಒಂದು ದೂರಕ್ಕೆ ಬೆಳಕು ಎಸೆಯುವ ದೊಡ್ಡ ತಲೆಯದು, ಇನ್ನೊಂದು ನಾಲ್ಕು ಎಲ್‌ಇಡಿಯ ಗಿಡ್ಡದು. ಎರಡೂ ಒಳ್ಳೆಯವೇ. ಆದರೆ ರಾತ್ರಿ ತೋಟಕ್ಕೆ ಹೊರಟಾಗ ಕೈ ಹೋಗುವುದು ಸಣ್ಣದರ ಕಡೆಗೇ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ. ಮೋಟಾರು ಹಾಕಬೇಕು, ನೀರು ಚಿಮ್ಮಿಸುವ ಜೆಟ್‌ಗಳು ತಿರುಗುತ್ತಿವೆಯಾ ನೋಡಬೇಕು, ಗೇಟ್‌ವಾಲ್ ಬದಲಿಸಬೇಕು. ದಾರಿಯ ತುಂಬ ದರಗು, ಬಿದ್ದ ಸೋಗೆ, ಹಾಳೆ. ನಡುವೆ ಕಪ್ಪು, ಅಂದರೆ ತೋಟದ ನೀರುಗಾಲುವೆ ದಾಟಲು ಸಂಕ, ಕಿರುಸೇತುವೆ. ಟಾರ್ಚ್ ಬೇಕಾಗಿರುವುದು ಇದಕ್ಕೆ. ಲುಮೆನ್ (ಒಟ್ಟು ಬೆಳಕು) ಲೆಕ್ಕ, ಉದ್ದ, ತೂಕ ಎಲ್ಲ ಡಬ್ಬದ ಮೇಲೇ ಇರುತ್ತೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಸಣ್ಣದು ಯಾಕೆ ಇಷ್ಟ ಅಂದರೆ ಬಣ್ಣಕ್ಕೆ. ಸಿಆರ್‌ಐ ಅಂದರೆ ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ. ಸಾಮಾನ್ಯ ಬಿಳಿ ಎಲ್‌ಇಡಿಗಳ ಸಿಆರ್‌ಐ 70ರ ಆಸುಪಾಸು ಇರುತ್ತೆ. ಅಂದರೆ ವಸ್ತುವಿನ ನಿಜವಾದ ಬಣ್ಣವನ್ನು ಅವು ಅರ್ಧಂಬರ್ಧ ತೋರಿಸುತ್ತವೆ, ಅದರಲ್ಲೂ ಕೆಂಪು ಮತ್ತು ಕಂದು ಪೂರ್ತಿ ಸೊರಗಿಹೋಗುತ್ತವೆ. 519ಎಯಲ್ಲಿ ಸಿಆರ್‌ಐ 90 ದಾಟುತ್ತದೆ. ನಾನು ಹಾಕಿರುವುದು 4500 ಕೆಲ್ವಿನ್ ಬಣ್ಣದ ಬೆಳಕಿನದು, ನೀಲಿಯೂ ಅಲ್ಲ, ಹಳೇ ಬಲ್ಬಿನ ಹಳದಿಯೂ ಅಲ್ಲ. ಇದು ಶೋಕಿಯ ಮಾತಲ್ಲ. ದರಗಿನ ಮೇಲೆ ಕೊಳಕುಮಂಡಲ ಸುತ್ತಿಕೊಂಡು ಮಲಗಿದ್ದರೆ ನೀಲಿ ಬೆಳಕಿನಲ್ಲಿ ಎಲೆಯೂ ಬೂದು, ಹಾವೂ ಬೂದು. ಎಷ್ಟು ಜೋರಾಗಿ ಬೆಳಕು ಬಿಟ್ಟರೂ ಅಷ್ಟೇ. 519ಎ ಬೆಳಕಿನಲ್ಲಿ ಒಣಗಿದ ಎಲೆಯ ಕಂದು ಬೇರೆ, ಹಾವಿನ ಮೈಮೇಲಿನ ಕಪ್ಪಂಚಿನ ಕಂದು ಬೊಟ್ಟುಗಳು ಬೇರೆ. ಕಣ್ಣು ತಾನಾಗೇ ಅಲ್ಲಿ ನಿಲ್ಲುತ್ತದೆ. ಅಪ್ಪಯ್ಯ ಎಪ್ಪತ್ತು ದಾಟಿದವರು, ಬರಿಗಾಲಲ್ಲೇ ತೋಟ ಸುತ್ತುವವರು. ಅವರ ಕೈಯಲ್ಲಿ ಈ ಬೆಳಕಿದ್ದರೆ ನನಗೆ ನಿದ್ದೆ ಬರುತ್ತೆ.

ಮಾಡ್ ಮಾಡುವುದೂ ಕಷ್ಟ ಅಲ್ಲ. 519ಎ ಮೊದಲೇ ಕೂರಿಸಿದ 16 ಮಿಲಿಮೀಟರಿನ ತಾಮ್ರದ ಬೋರ್ಡು ಬಿಡಿಯಾಗಿ ಸಿಗುತ್ತದೆ. ಹಳೆಯದರ ಎರಡು ವೈರು ಬಿಡಿಸಿ ಹೊಸದಕ್ಕೆ ಬೆಸುಗೆ ಹಾಕಬೇಕು, ಬೋರ್ಡಿನ ಕೆಳಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಬೇಕು. ತಾಮ್ರದ ಬೋರ್ಡೇ ಆಗಬೇಕು, ಎಲ್‌ಇಡಿಯ ಅಡಿಭಾಗ ನೇರ ತಾಮ್ರಕ್ಕೆ ಕೂರುವಂಥದ್ದು. ಮಾಮೂಲಿ ಅಲ್ಯೂಮಿನಿಯಂ ಬೋರ್ಡಿನಲ್ಲಿ ನಡುವೆ ಒಂದು ನಿರೋಧಕ ಪದರ ಇರುತ್ತೆ, ಶಾಖ ಅಲ್ಲೇ ತಡೆಯುತ್ತದೆ. ಆಮೇಲೆ ಎಲ್‌ಇಡಿಯ ಸುತ್ತ ಕೂರುವ ಬಿಳಿ ಬಳೆ. ಅದು ಹೊಸ ಎಲ್‌ಇಡಿಯ ಅಳತೆಯದೇ ಇರಬೇಕು. ಹಳೇ ದೊಡ್ಡ ಬಳೆಯನ್ನೇ ಬಿಟ್ಟರೆ ಎಲ್‌ಇಡಿ ನಡುವಿನಿಂದ ಕೂದಲೆಳೆಯಷ್ಟು ಸರಿಯುತ್ತದೆ, ಗೋಡೆಯ ಮೇಲೆ ಬೆಳಕಿನ ಚುಕ್ಕೆ ಸೊಟ್ಟಗೆ ಬೀಳುತ್ತದೆ.

ಒಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಸರ್ಕೀಟು, ಹಳೇ ನಂಬಿಕಸ್ತ ಜಾತಿಯದು. 7135 ಅನ್ನುವ ಚಿಪ್‌ಗಳು ಎಂಟು, ಒಂದೊಂದೂ 350 ಮಿಲಿ ಆಂಪ್, ಒಟ್ಟು 2.8 ಆಂಪ್. ಅದಕ್ಕಿಂತ ಜಾಸ್ತಿ ಕರೆಂಟು ಅದು ಬಿಡುವುದೇ ಇಲ್ಲ. ಮೋಡ್‌ಗಳ 12 ಗುಂಪುಗಳಿವೆ. ಮಿಣುಕಾಟ, ಎಸ್‌ಒಎಸ್ ಯಾವುದೂ ಇಲ್ಲದ ಗುಂಪು ಆರಿಸಿಟ್ಟಿದ್ದೇನೆ. ಹಿಂದುಗಡೆ ಟಕ್ ಅನ್ನುವ ಸ್ವಿಚ್ಚು. ಒತ್ತಿದರೆ ಹತ್ತಿತು, ಒತ್ತಿದರೆ ಆರಿತು.

ಇನ್ನು ದೂರಕ್ಕೆ ಬೆಳಕು ಎಸೆಯುವ ಟಾರ್ಚ್. ಸಿ8 ಮಾದರಿಯ ತಲೆ, ಒಳಗೆ ಆಸ್ರಾಮ್‌ನ ಚಪ್ಪಟೆ ಎಲ್‌ಇಡಿ. ಇದರ ಗುಟ್ಟು ಎಲ್‌ಇಡಿ ಸಣ್ಣದಿರುವುದರಲ್ಲಿದೆ. ಬೆಳಕು ಹುಟ್ಟುವ ಜಾಗ ಚಿಕ್ಕದಾದಷ್ಟೂ ರಿಫ್ಲೆಕ್ಟರ್ ಅದನ್ನು ಬಿಗಿಯಾಗಿ ಹಿಡಿದು ಎಸೆಯುತ್ತದೆ. ಇಲ್ಲಿ ಲುಮೆನ್ ಬಿಡಿ, ಕ್ಯಾಂಡೆಲಾ ನೋಡಿ, ಅದು ಒಂದೇ ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ. ಒಂದು ಲಕ್ಷ ಕ್ಯಾಂಡೆಲಾ ಇದ್ದರೆ ಕಂಪನಿಯವರು 632 ಮೀಟರ್ ಅಂತ ಬರೆಯುತ್ತಾರೆ. ಸುಳ್ಳಲ್ಲ. ಆದರೆ ಅಷ್ಟು ದೂರದಲ್ಲಿ ಬೀಳುವುದು ಕಾಲು ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. ಅಲ್ಲಿ ನಿಂತಿರುವುದು ಹಸುವೋ ಕಾಟಿಯೋ ಗೊತ್ತಾಗಬೇಕಾದರೆ ಆ ಅಂಕಿಯನ್ನು ನಾಲ್ಕರಿಂದ ಭಾಗಿಸಿ ನೋಡಿ.

ನನಗೆ ಇದು ಉಪಯೋಗಕ್ಕೆ ಬರುವುದು ಒಂದೇ ಕಡೆ. ಎದುರು ಗುಡ್ಡೆಯ ಮೇಲಿನ ಜೆಟ್ ತಿರುಗುತ್ತಿದೆಯಾ, ಕಸ ಸಿಕ್ಕಿ ನಿಂತಿದೆಯಾ ಅಂತ ಮನೆಯ ಅಂಗಳದಿಂದಲೇ ಕಾಣುತ್ತದೆ. ನೀರಿನ ಎಳೆ ಬೆಳ್ಳಗೆ ಹೊಳೆದು ಸುತ್ತುವುದು ಚೆನ್ನಾಗಿ ಗೊತ್ತಾಗುತ್ತೆ, ಗುಡ್ಡ ಹತ್ತುವ ಕೆಲಸ ತಪ್ಪುತ್ತೆ. ದಾರಿ ನಡೆಯಲು ಮಾತ್ರ ಇದು ಬೇಡ. ಕಾಲ ಬುಡದಲ್ಲಿ ಒಂದು ತಟ್ಟೆಯಷ್ಟು ಜಾಗ ಕಣ್ಣು ಕುಕ್ಕುತ್ತದೆ, ಪಕ್ಕದಲ್ಲಿ ಕತ್ತಲು. ಮಳೆಗಾಲದ ಮಂಜಿನಲ್ಲಿ ಬೆಳಕು ಅಲ್ಲೇ ಚದುರಿ ಮುಖಕ್ಕೆ ವಾಪಸ್ಸು ಬರುತ್ತದೆ. ಕಾಡುಪ್ರಾಣಿಯ ಕಣ್ಣಿಗೆ ಇದನ್ನು ಬಿಟ್ಟು ಕೆಣಕಬೇಡಿ.

ಈಗ ನಾಲ್ಕು ಎಲ್‌ಇಡಿಯದು. ಮೂರರಲ್ಲಿ ಇದಕ್ಕೇ ಜಾಸ್ತಿ ದುಡ್ಡು ಕೊಟ್ಟಿದ್ದು. ಅಂಗೈಯಲ್ಲಿ ಮುಚ್ಚಿಹೋಗುವಷ್ಟೇ ಉದ್ದ, ಪೂರ್ತಿ ಬಿಟ್ಟರೆ ಇಡೀ ಅಂಗಳ ಹಗಲಾಗುತ್ತದೆ. ಎಫ್‌ಇಟಿ ಡ್ರೈವರ್, ಅಂದರೆ ಟರ್ಬೋದಲ್ಲಿ (ಅತಿ ಜೋರು ಬೆಳಕಿನಲ್ಲಿ) ಸೆಲ್ಲಿನ ಕರೆಂಟು ಹೆಚ್ಚುಕಡಿಮೆ ತಡೆಯಿಲ್ಲದೆ ಎಲ್‌ಇಡಿಗೆ ಹೋಗುತ್ತದೆ. ಸೆಕೆಂಡುಗಳಲ್ಲೇ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿ ತಾನೇ ಬೆಳಕು ಇಳಿಸಿಕೊಳ್ಳುತ್ತದೆ. ಅದನ್ನು ಒಪ್ಪಿಕೊಂಡೇ ಕೊಂಡಿದ್ದು, ಬೇಜಾರಿಲ್ಲ.

ಬೇಜಾರು ಅದರ ಗುಂಡಿಯ ಬಗ್ಗೆ. ಒಳಗಿರುವುದು ಆಂಡುರಿಲ್ ಅನ್ನುವ ಮುಕ್ತ ತಂತ್ರಾಂಶ. ನಿಜಕ್ಕೂ ಅದ್ಭುತ ಕೆಲಸ ಅದು. ಒತ್ತಿ ಹಿಡಿದರೆ ಮಿಣುಕು ಹುಳದಷ್ಟು ಬೆಳಕಿನಿಂದ ಮೆಲ್ಲಗೆ ಏರುತ್ತಾ ಹೋಗುತ್ತದೆ, ಬೇಕಾದಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಆರಿದ್ದಾಗ ಮೂರು ಸಲ ಒತ್ತಿದರೆ ಸೆಲ್ಲಿನ ವೋಲ್ಟೇಜನ್ನು ಮಿಣುಕಿ ಹೇಳುತ್ತದೆ. ನಾಲ್ಕು ಸಲ ಒತ್ತಿದರೆ ಲಾಕ್. ಆಮೇಲೆ ಒತ್ತಿ ಹಿಡಿದಷ್ಟು ಹೊತ್ತು ಮಂಕಾಗಿ ಹತ್ತುತ್ತದೆ, ಬಿಟ್ಟ ಕೂಡಲೇ ಆರುತ್ತದೆ. ಮತ್ತೆ ನಾಲ್ಕು ಸಲ ಒತ್ತಿದರೆ ಬಿಡುಗಡೆ.

ನನಗೆ ಇದು ಕೈಗೆ ಬಂದಿದೆ. ಅಪ್ಪಯ್ಯನಿಗೆ ಬರಲಿಲ್ಲ, ಬರಬೇಕು ಅಂತ ಹೇಳುವುದೂ ನ್ಯಾಯ ಅಲ್ಲ. ಮೂರು ಸೆಲ್ಲಿನ ಸ್ಟೀಲ್ ಟಾರ್ಚಿನ ಕಾಲದವರು ಅವರು. ಟಾರ್ಚ್ ತಕ್ಷಣ ಹತ್ತದಿದ್ದರೆ ಸ್ವಿಚ್ಚನ್ನು ಟಕಟಕ ಒತ್ತುವುದು ಅವರ ಅಭ್ಯಾಸ. ಇಲ್ಲಿ ಎರಡು ಸಲ ಒತ್ತಿದರೆ ಜೋರು ಬೆಳಕು ಬಂದು ಕಣ್ಣು ಕತ್ತಲೆಯಾಗುತ್ತದೆ. ಮೂರಕ್ಕೆ ಮಿಣುಕುತ್ತದೆ, ಅವರು ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಾಲ್ಕಕ್ಕೆ ಲಾಕ್. ಪಂಪ್‌ಹೌಸಿನಿಂದ ಫೋನ್ ಬರುತ್ತದೆ: "ಇದೆಂಥದ ಮಾರಾಯ, ಒತ್ತಿದ್ರೆ ಹತ್ತುತ್ತದೆ, ಬಿಟ್ರೆ ಹೋಗ್ತದೆ. ಸಂಕ ಹೆಂಗೆ ದಾಟ್ಲಿ?" ನಾನು ಇನ್ನೊಂದು ಟಾರ್ಚ್ ಹಿಡಿದು ಇಳಿಯಬೇಕು.

ಹಾಗಾದರೆ ಲಾಕ್ ಬಳಸಬೇಡಿ ಅನ್ನಬಹುದು. ಅದಾಗುವುದಿಲ್ಲ. ಗುಂಡಿ ಇರುವುದು ಪಕ್ಕದಲ್ಲಿ, ಜೇಬಿನಲ್ಲಿ ಕೀಲಿಕೈ ಒತ್ತಿದರೂ ಹತ್ತುತ್ತದೆ, ಹತ್ತಿದರೆ ಬಟ್ಟೆ ಸುಡುತ್ತದೆ. ಇಷ್ಟು ಬಲದ ಟಾರ್ಚಿಗೆ ಲಾಕ್ ಬೇಕೇ ಬೇಕು. ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಸಂಪರ್ಕ ತಪ್ಪುತ್ತದೆ, ಗುಂಡಿಯ ಗೊಡವೆ ಇಲ್ಲ. ಅದನ್ನೂ ಹೇಳಿಕೊಟ್ಟೆ. ಕತ್ತಲಲ್ಲಿ ಯಾವ ಕಡೆ ತಿರುಗಿಸಬೇಕು ಅಂತ ಗೊತ್ತಾಗದೆ ಮುಚ್ಚಳ ಪೂರ್ತಿ ಬಿಚ್ಚಿಕೊಂಡು, ಸೆಲ್ ಜಾರಿ ಕಪ್ಪಿನ ನೀರಿಗೆ ಬಿತ್ತು. ಲಿಥಿಯಂ ಸೆಲ್ ಕೆಸರು ನೀರಿಗೆ ಬಿದ್ದ ಮೇಲೆ ಅದನ್ನು ಮತ್ತೆ ಚಾರ್ಜಿಗೆ ಹಾಕುವ ಧೈರ್ಯ ನನಗಿಲ್ಲ. ಅಲ್ಲಿಗೆ ಆ ಟಾರ್ಚ್ ಅಪ್ಪಯ್ಯನ ಕೈಯಿಂದ ಹೊರಗೆ ಬಂತು.

ಒಬ್ಬರೇ ಬಳಸುವವರು, ಹೊಸದು ಕಲಿಯಲು ಇಷ್ಟ ಇರುವವರು ಇದನ್ನೇ ಕೊಳ್ಳಿ. ಚಾರಣಕ್ಕೆ, ಟೆಂಟಿನ ಒಳಗೆ, ಕರೆಂಟು ಹೋದಾಗ ಸೂರಿಗೆ ಬೆಳಕು ತಿರುಗಿಸಿಡಲು ಇದಕ್ಕಿಂತ ಚೆನ್ನಾಗಿರುವುದು ನಾನು ಕಂಡಿಲ್ಲ. ಮನೆಮಂದಿಯೆಲ್ಲ ಎತ್ತಿಕೊಂಡು ಹೋಗುವ ಟಾರ್ಚ್ ಮಾತ್ರ ಅಲ್ಲ.

ಸೆಲ್ಲಿನ ವಿಷಯ. ಮೂರಕ್ಕೂ 18650 ಒಂದೇ ಅಳತೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದಕ್ಕೇ ಮೂರನ್ನೂ ಹೀಗೇ ಆರಿಸಿದ್ದು, ಒಂದೇ ಚಾರ್ಜರ್ ಸಾಕು. 9900 ಎಂಎಎಚ್ (ಸೆಲ್ಲಿನಲ್ಲಿ ತುಂಬುವ ಕರೆಂಟಿನ ಅಳತೆ) ಅಂತ ಬರೆದ ಸೆಲ್ ಕಂಡರೆ ಮುಟ್ಟಬೇಡಿ. ಪೇಟೆಯಲ್ಲಿ ಸಿಗುವ ನಿಜವಾದ 18650ಗಳು ಸಾಮಾನ್ಯವಾಗಿ 3500ರ ಆಸುಪಾಸಿಗೆ ನಿಲ್ಲುತ್ತವೆ. ನಾಲ್ಕು ಎಲ್‌ಇಡಿಯದಕ್ಕೆ ಎಂಎಎಚ್‌ಗಿಂತ ಹೆಚ್ಚು ಆಂಪ್ ಕೊಡುವ ಸೆಲ್ ಮುಖ್ಯ, ಸಣ್ಣದಕ್ಕೆ ಒಳ್ಳೆಯ ಕಂಪನಿಯ ಯಾವುದಾದರೂ ನಡೆಯುತ್ತದೆ.

ಮಳೆಗಾಲಕ್ಕೆ ಮೊದಲು ಮೂರರ ಓ ರಿಂಗಿಗೂ (ನೀರು ತಡೆಯುವ ರಬ್ಬರ್ ಬಳೆ) ಸಿಲಿಕೋನ್ ಗ್ರೀಸ್ ಹಚ್ಚಿ. ಕರೆಂಟಿನ ತಡೆ ಕಡಿಮೆಯಾಗಲಿ ಅಂತ ಸ್ಪ್ರಿಂಗಿನ ಜೊತೆ ತಾಮ್ರದ ವೈರು ಬೆಸೆಯುವ ಮಾಡ್ ಬಗ್ಗೆ ಕೆಲವರು ಕೇಳಿದ್ದರು. ನಾಲ್ಕು ಎಲ್‌ಇಡಿಯದರಲ್ಲಿ ಲಾಭ ಇದೆ, ಸಣ್ಣದರಲ್ಲಿ ಸುಮ್ನೆ ಕೆಲಸ.

ಹೇಗೂ ನನ್ನ ಲೆಕ್ಕ ಇಷ್ಟು. ನಾಲ್ಕು ಎಲ್‌ಇಡಿಯದಕ್ಕೆ ಕೊಟ್ಟ ದುಡ್ಡಿನಲ್ಲಿ ಸಣ್ಣದು ಎರಡು, ಜೊತೆಗೆ ಸೆಲ್ ಬರುತ್ತಿತ್ತು. ಈಗ ಎರಡನೆಯದಕ್ಕೆ ಆರ್ಡರ್ ಹಾಕಿದ್ದೇನೆ, ಅದಕ್ಕೂ 519ಎ ಬೋರ್ಡು, ಗಾಜಿಗೆ ಬೆಳಕು ಹರಡುವ ಫ್ರಾಸ್ಟೆಡ್ ಫಿಲ್ಮ್. ಅದು ಪಂಪ್‌ಹೌಸಿನ ಮೊಳೆಗೆ ನೇತುಹಾಕಲು. ದೂರ ಎಸೆಯುವ ಟಾರ್ಚ್ ಅಂಗಳದ ಕಟ್ಟೆಯ ಮೇಲೇ ಇರುತ್ತದೆ. ನಾಲ್ಕು ಎಲ್‌ಇಡಿಯದನ್ನು ಬೆಂಗಳೂರಿನ ತಮ್ಮ ಕೇಳಿದ್ದಾನೆ, ಅವನು ಕುಮಾರಪರ್ವತ ಹತ್ತುವವನು. ಮುಂದಿನ ಸಲ ಊರಿಗೆ ಬಂದಾಗ ತೆಗೆದುಕೊಂಡು ಹೋಗಲಿ.