ಬೊನ್ನೆವಿಲ್ ಉಪ್ಪಿನ ಬಯಲು: ಜಾಗಕ್ಕೆ ಐದು ಸ್ಟಾರ್, ಟೂರ್‌ಗೆ ಎರಡು

ಅಮೆರಿಕದ ಯೂಟಾ ರಾಜ್ಯದ ಈ ಬಯಲನ್ನು ನಾವು ನೋಡಿದ್ದು ಮುಂಬೈನ ದಾದರ್‌ನ ಟೂರ್ ಕಂಪನಿಯೊಂದರ ಪ್ಯಾಕೇಜಿನಲ್ಲಿ. ಅವರ ಕರಪತ್ರದ ತುಂಬಾ ರೇಸ್ ಕಾರುಗಳೇ. ಕರೆದುಕೊಂಡು ಹೋದದ್ದು ಮಾತ್ರ ಮೇ ರಜೆಯಲ್ಲಿ. ಕಾರು, ಬೈಕುಗಳು ವೇಗದ ದಾಖಲೆಗಾಗಿ ಓಡುವ ಅಲ್ಲಿನ ಸ್ಪೀಡ್ ವೀಕ್ ನಡೆಯುವುದು ಆಗಸ್ಟ್‌ನಲ್ಲಿ! ಅಡ್ವಾನ್ಸ್ ಕಟ್ಟುವಾಗ ಯಾರೂ ಬಾಯಿ ಬಿಡಲಿಲ್ಲ.

ನಮ್ಮ ಮುಲುಂಡ್ ಹೈವೇ ಪಕ್ಕದ ಉಪ್ಪಿನ ಗದ್ದೆಗಳಲ್ಲಿ ಜನ ಬದು ಕಟ್ಟಿ, ನೀರು ನಿಲ್ಲಿಸಿ ಉಪ್ಪು ತೆಗೆಯುತ್ತಾರಲ್ವಾ? ಬೊನ್ನೆವಿಲ್‌ನಲ್ಲಿ ಅದೆಲ್ಲ ತಾನಾಗಿಯೇ ಆಗಿದೆ. ಹಿಮಯುಗದ ದೊಡ್ಡ ಸರೋವರ ಬತ್ತಿ ಉಳಿದ ನೆಲ ಅದು. ಸುಮಾರು 30 ಸಾವಿರ ಎಕರೆ. ಚಳಿಗಾಲದಲ್ಲಿ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಬೇಸಿಗೆಯ ಬಿಸಿಲಿಗೆ, ಗಾಳಿಗೆ ಅದು ಆರುತ್ತಾ ಆರುತ್ತಾ ನೆಲ ಮತ್ತೆ ಸಮತಟ್ಟಾಗುತ್ತದೆ. ರೇಸ್ ಬೇಸಿಗೆಯ ಕೊನೆಗೆ ಇಡುವುದೂ ಅದಕ್ಕೇ. 2014, 2015ರಲ್ಲಿ ನೆಲ ಸರಿಯಾಗಿ ಒಣಗದೆ ಸ್ಪೀಡ್ ವೀಕೇ ರದ್ದಾಗಿತ್ತು. ನಾವು ಹೋದಾಗಲೂ ಅಲ್ಲಲ್ಲಿ ನೀರಿತ್ತು.

ನಮ್ಮ ಯಜಮಾನರಿಗೆ ಬೈಕ್ ಹುಚ್ಚು. ‘ಇಂಡಿಯನ್’ ಎಂಬ ಅಮೆರಿಕದ ಕಂಪನಿಯ 1920ರ ಬೈಕನ್ನು ತಾನೇ ತಿದ್ದಿ ತೀಡಿ, 1967ರಲ್ಲಿ ಇಲ್ಲಿ ವೇಗದ ದಾಖಲೆ ಮಾಡಿದ ನ್ಯೂಜಿಲೆಂಡ್‌ನ ಬರ್ಟ್ ಮನ್ರೋ ಅವರ ದೇವರು. 1970ರಲ್ಲಿ ಗ್ಯಾರಿ ಗೇಬಲಿಚ್ ರಾಕೆಟ್ ಕಾರಿನಲ್ಲಿ ಗಂಟೆಗೆ ಸಾವಿರ ಕಿ.ಮೀ. ದಾಟಿದ್ದೂ ಇಲ್ಲೇ. ಇಷ್ಟೆಲ್ಲಾ ಓದಿಕೊಂಡು ಬಂದವರಿಗೆ ಸಿಕ್ಕಿದ್ದು ಅರ್ಧ ಗಂಟೆ! ಅದೂ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ, ನಡು ಮಧ್ಯಾಹ್ನ. "ಸ್ವಲ್ಪ ದೂರ ನಡೆದು ಬರ್ತೀವಪ್ಪಾ" ಅಂದರೆ ಗೈಡ್ ವಾಚ್ ತೋರಿಸಿದ.

ಆದರೂ ಆ ಬಿಳುಪು! ಕರಿ ಕನ್ನಡಕ ತೆಗೆದರೆ ಕಣ್ಣು ಬಿಡಲಾಗುವುದಿಲ್ಲ. ದೂರದ ಬೆಟ್ಟಗಳು ನೆಲ ಬಿಟ್ಟು ಮೇಲೆ ನಿಂತ ಹಾಗೆ ಕಾಣುತ್ತವೆ. ಕಾಲ ಕೆಳಗೆ ಉಪ್ಪು ಕರಕರ ಅನ್ನುತ್ತದೆ.

ನನ್ನ ಕೇಳಿದರೆ, ಸಾಲ್ಟ್ ಲೇಕ್ ಸಿಟಿಯಿಂದ ನೀವೇ ಕಾರಿನಲ್ಲಿ ಹೋಗಿ. ಎರಡು ಗಂಟೆಯೊಳಗಿನ ದಾರಿ. ಬಯಲಿಗೆ ಟಿಕೆಟ್ ಇಲ್ಲ. ಬಾಡಿಗೆ ಕಾರನ್ನು ಉಪ್ಪಿನ ಮೇಲೆ ಇಳಿಸಬಹುದಾ ಎಂದು ಮೊದಲೇ ಕೇಳಿಕೊಳ್ಳಿ. ಅಂಚಿನಲ್ಲಿ ಉಪ್ಪಿನ ಪದರ ತೆಳು, ಕೆಳಗೆ ಬರೀ ಕೆಸರು. ಚಕ್ರ ಹೂತರೆ ಗತಿ ಇಲ್ಲ. ಬಯಲಿನಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಹತ್ತಿರದ ವೆಂಡೋವರ್‌ನಲ್ಲಿ ರೂಮ್ ಮಾಡಿ. ಕುಡಿಯುವ ನೀರು, ತಿಂಡಿ ಜಾಸ್ತಿಯೇ ಇರಲಿ.

ತಿಂಡಿ ಅಂದಾಗ ನೆನಪಾಯಿತು, ಟೂರ್‌ನವರು ಬಸ್ಸಿನಲ್ಲಿ ಕೊಟ್ಟ ಥೇಪ್ಲಾ (ಗುಜರಾತಿಗಳ ಮೆಂತ್ಯ ರೊಟ್ಟಿ) ಚೆನ್ನಾಗಿತ್ತು. ಆ ಎರಡು ಸ್ಟಾರ್‌ನಲ್ಲಿ ಒಂದೂವರೆ ಅದಕ್ಕೇ.