ಬಾಡಿಗೆ ಪ್ರೊಜೆಕ್ಟರ್, ನವನಗರದ ಟೆರೇಸು, ಮದರ್ ಇಂಡಿಯಾ

ಅಪ್ಪನಿಗೆ 75 ತುಂಬಿತು. ಕೇಕು ಬೇಡ, ಗದ್ದಲ ಬೇಡ, ಸಣ್ಣವನಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ನೋಡಿದ ಮದರ್ ಇಂಡಿಯಾ ಇನ್ನೊಂದು ಸಲ ದೊಡ್ಡ ಪರದೆ ಮೇಲೆ ನೋಡಬೇಕು ಅಂದರು. ಬಾಗಲಕೋಟೆ ನವನಗರದ ಒಂದು ಅಂಗಡಿಯಿಂದ ಪ್ರೊಜೆಕ್ಟರ್, ಪರದೆ, ಸ್ಪೀಕರ್ ಬಾಡಿಗೆಗೆ ತಂದೆ. ಅಂಗಡಿ ಹೆಸರು ಬರೆಯಲ್ಲ, ಯಾಕಂದ್ರೆ ಸ್ಪೀಕರ್ ಬಗ್ಗೆ ಬೈಯೋದಿದೆ.

ಒಂದು ರಾತ್ರಿಗೆ 1,500 ರೂಪಾಯಿ, ಡಿಪಾಸಿಟ್ 2,000, ಜೊತೆಗೆ ಆಧಾರ್ ಜೆರಾಕ್ಸ್. ಹುಡುಗ ಹೇಳಿದ ಟೈಮಿಗೆ ಬಂದ, ಪರದೆಯನ್ನು ನೀರಿನ ಟ್ಯಾಂಕಿನ ಕಂಬಕ್ಕೆ ಬಿಗಿದು ಕಟ್ಟಿದ, ಗಾಳಿಗೆ ಅಲುಗಾಡಲಿಲ್ಲ. ಚಿತ್ರ ಚೆನ್ನಾಗಿ ಬಂತು. ಪೂರ್ತಿ ಕತ್ತಲಾಗೋ ಮುಂಚೆ ಮಾತ್ರ ಶುರು ಮಾಡಬೇಡಿ, ಬಣ್ಣ ಸಪ್ಪೆ ಕಾಣುತ್ತೆ. ಸ್ಪೀಕರ್ ಅಂತೂ ಜೇನುಗೂಡು. ಫೋನ್ ಮಾಡಿದರೆ "ವೈರ್ ಸ್ವಲ್ಪ ಅಲ್ಲಾಡಸ್ರಿ" ಅಂದರು. ಸುಮಾರು ಮೂರು ತಾಸಿನ ಸಿನಿಮಾ, ಅರ್ಧ ಹೊತ್ತು ನಾನು ವೈರ್ ಹಿಡಿದೇ ಕೂತಿದ್ದೆ.

ಆದರೂ ದುಡ್ಡು ದಂಡ ಆಗಲಿಲ್ಲ. 1957ರ ಸಿನಿಮಾ. ಶುರುವಿಗೇ ಟ್ರ್ಯಾಕ್ಟರ್, ಕರೆಂಟ್ ಕಂಬ, ಅಣೆಕಟ್ಟು. ಮುದುಕಿ ರಾಧಾ, ಅಂದರೆ ನರ್ಗಿಸ್, ಹೊಲದ ಮಣ್ಣಿನ ಹೆಂಟೆ ಹಿಡಿದು ಕೂತಿರುತ್ತಾಳೆ, ಕಾಲುವೆ ಉದ್ಘಾಟನೆಗೆ ನೀನೇ ಬರಬೇಕು ಅಂತ ಅವಳನ್ನ ಕರೀತಾರೆ. ಸಾಹುಕಾರನ ಬಡ್ಡಿ, ಪ್ರವಾಹ, ಹಸಿವು ಎಲ್ಲ ಆಮೇಲೆ ಅವಳ ನೆನಪಾಗಿ ಬರುತ್ತೆ. ಅಂದರೆ ಕಷ್ಟ ಎಲ್ಲ ಹಿಂದೆ ಹೋಯ್ತು, ಈಗ ನೀರು ಬಂತು ಅನ್ನೋ ಲೆಕ್ಕ. ನೆಹರೂ ಅಣೆಕಟ್ಟುಗಳನ್ನ ದೇವಸ್ಥಾನಕ್ಕೆ ಹೋಲಿಸುತ್ತಿದ್ದ ಕಾಲ ಅದು, ದೇಶ ತನ್ನನ್ನ ನೋಡಿಕೊಳ್ತಿದ್ದದ್ದೂ ಹಾಗೇ. ಹೆಸರೂ ಬೇಕಂತಲೇ ಇಟ್ಟದ್ದು. ಕ್ಯಾಥರೀನ್ ಮೇಯೋ ಅನ್ನೋ ಅಮೆರಿಕದವಳು 1927ರಲ್ಲಿ ಅದೇ ಹೆಸರಿನ ಪುಸ್ತಕದಲ್ಲಿ ನಮ್ಮನ್ನ ಹೀನಾಯವಾಗಿ ಬರೆದಿದ್ದಳು. ಸಿನಿಮಾದ ನಿರ್ದೇಶಕ ಮೆಹಬೂಬ್ ಖಾನ್ ಆ ಹೆಸರನ್ನೇ ಕಸಿದುಕೊಂಡು ಉತ್ತರ ಕೊಟ್ಟರು.

ಆದರೆ ನಾವು ಎಲ್ಲಿ ಕೂತು ನೋಡ್ತಿದ್ವಿ ಹೇಳಿ? ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆ ಮುಳುಗುತ್ತೆ ಅಂತಲೇ ಹುಟ್ಟಿದ ಊರಲ್ಲಿ! ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ, ಈ ಸಿನಿಮಾ ಬಂದು ಏಳು ವರ್ಷಕ್ಕೆ. ಕಾಲುವೆಗೆ ನೀರು ನುಗ್ಗುವಾಗ ಕಾಕಾ ಚುರಮುರಿ ಅಗಿಯೋದು ನಿಲ್ಲಿಸಿದರು.

"ಆ ನೀರು ಯಾರ ಮನಿ ಹೊಕ್ಕಿತು ಅಂತ ತೋರಸೂದೇ ಇಲ್ಲ ನೋಡಣ್ಣಾ."

"ಸುಮ್ನ ನೋಡೋ, ನಿನ್ನ ಕಬ್ಬಿಗೆ ನೀರು ಎಲ್ಲಿಂದ ಬರ್ತದ?" ಅಂದರು ಅಪ್ಪ.

ಇಬ್ಬರ ಹಳೆ ಮನೆಯೂ ಒಂದೇ ಓಣಿಯಲ್ಲಿತ್ತು, ಈಗ ಎರಡೂ ನೀರಲ್ಲಿ. ಕೊನೆಗೆ ಕಾಲುವೆ ನೀರು ರಕ್ತದ ಹಾಗೆ ಕೆಂಪಾಗುತ್ತಲ್ಲ, ಆಗ ಇಬ್ಬರೂ ಮಾತಾಡಲಿಲ್ಲ.

ಮುಂದಿನ ಸಲ 1972ರ ಬಂಗಾರದ ಮನುಷ್ಯ ಹಾಕಬೇಕು ಅಂತಿದ್ದೇನೆ. ಅದರಲ್ಲಿ ರಾಜಕುಮಾರ್ ಉದ್ಘಾಟನೆಗೆ ಯಾರನ್ನೂ ಕರೆಯಲ್ಲ, ಕಲ್ಲುಭೂಮಿಯನ್ನ ತಾನೇ ಒಡೆದು ಹಸನು ಮಾಡ್ತಾನೆ. ಹದಿನೈದೇ ವರ್ಷದಲ್ಲಿ ಪರದೆ ಮೇಲಿನ ಭರವಸೆ ಸರ್ಕಾರದ ಗೇಟಿನಿಂದ ರೈತನ ಹಾರೆಗೆ ಬಂದುಬಿಟ್ಟಿತ್ತು, ನನಗಂತೂ ಇದೇ ಜಾಸ್ತಿ ಇಷ್ಟ.

ಪ್ರೊಜೆಕ್ಟರ್‌ಗೆ ಐದಕ್ಕೆ ನಾಲ್ಕು, ಹುಡುಗನಿಗೆ ಐದು. ಸ್ಪೀಕರ್ ನಿಮ್ಮದೇ ಇಟ್ಟುಕೊಳ್ಳಿ. ಮರುದಿನ ಡಿಪಾಸಿಟ್‌ನಲ್ಲಿ 200 ರೂಪಾಯಿ ಮುರಿದುಕೊಂಡರು, ವೈರ್ ನಾನೇ ಹಾಳು ಮಾಡಿದ್ದೇನಂತೆ.